ಅಪ್ಪನ ಪಾಲಿನ ಪ್ರಾರ್ಥನೆ

ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದ ವಿಜ್ಞಾನಿ ಗೆಲಿಲಿಯೋ ಮೇಲೆ ರೋಮಿನ ಚರ್ಚು ನಡೆಸಿದ ವಿಚಾರಣೆ ಅಂದ ಕೂಡಲೇ ‘ಆದರೂ ಭೂಮಿ ತಿರುಗುತ್ತಿದೆ’ ಎಂದು ಅವನು ಗೊಣಗಿದ ಕತೆ ಬರುತ್ತದೆ. ವಿಚಾರಣೆಯ ದಾಖಲೆಯಲ್ಲಿ ಆ ಮಾತಿಲ್ಲ. ದಾಖಲೆಯಲ್ಲಿ ಇರುವುದೇ ನನ್ನನ್ನು ಹೆಚ್ಚು ಕಾಡುತ್ತದೆ.

1633ರ ಜೂನ್ 22. ರೋಮಿನ ಮಿನರ್ವಾ ಮಠದಲ್ಲಿ 69 ವರ್ಷದ ಮುದುಕ ಮೊಣಕಾಲೂರಿ, ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಮಾತನ್ನು ತ್ಯಜಿಸುತ್ತೇನೆ, ಶಪಿಸುತ್ತೇನೆ ಎಂದು ಓದಬೇಕಾಯಿತು. ಎಲ್ಲವೂ ಭೂಮಿಯನ್ನೇ ಸುತ್ತುವುದಿಲ್ಲ ಎಂದು ತೋರಿಸುವ ಗುರುಗ್ರಹದ ನಾಲ್ಕು ಚಂದ್ರರನ್ನು, ಶುಕ್ರ ನಮ್ಮ ಚಂದ್ರನ ಹಾಗೇ ಬೆಳೆದು ಕರಗುವುದನ್ನು 1610ರಲ್ಲೇ ಕಣ್ಣಾರೆ ಕಂಡವನು! ವಿಚಾರಣೆಗೆ ಕೂತ ಹತ್ತು ಕಾರ್ಡಿನಲ್‌ಗಳಲ್ಲಿ, ಅಂದರೆ ಚರ್ಚಿನ ಹಿರಿಯ ಗುರುಗಳಲ್ಲಿ, ಮೂವರ ಸಹಿ ಆ ತೀರ್ಪಿನ ಮೇಲಿಲ್ಲ.

ಶಿಕ್ಷೆಯಲ್ಲಿ ಇನ್ನೊಂದು ಷರತ್ತಿತ್ತು: ಮೂರು ವರ್ಷ, ವಾರಕ್ಕೊಮ್ಮೆ, ಬೈಬಲಿನ ಪಶ್ಚಾತ್ತಾಪದ ಏಳು ಕೀರ್ತನೆಗಳನ್ನು ಹೇಳಬೇಕು. ಸನ್ಯಾಸಿನಿಯಾಗಿದ್ದ ಮಗಳು ಮಾರಿಯಾ ಚೆಲೆಸ್ತೆ ಆ ಹೊರೆಯನ್ನು ತಾನೇ ಹೊತ್ತುಕೊಂಡಳು. ಅಪ್ಪನ ಬದಲು ತಾನು ಹೇಳತೊಡಗಿದ್ದೇನೆಂದು ಪತ್ರ ಬರೆದಳು. 13ರ ವಯಸ್ಸಿಗೇ ಮಠ ಸೇರಿ, ದೇವರನ್ನೇ ನಂಬಿ ಬದುಕಿದವಳು. ಧರ್ಮ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಎಂದು ಯಾರಾದರೂ ಸಲೀಸಾಗಿ ಗೆರೆ ಎಳೆದಾಗ ನನಗೆ ಇವಳ ನೆನಪಾಗಿ ಸಂಕಟವಾಗುತ್ತದೆ. ಅಪ್ಪ, ಮಗಳು ಇಬ್ಬರೂ ಭಕ್ತರೇ. ಅವರನ್ನು ಹಣಿದದ್ದು ಪ್ರಶ್ನೆ ಸಹಿಸದ ಅಧಿಕಾರ, ಭಕ್ತಿಯಲ್ಲ.

1634ರಲ್ಲಿ, ಬರೀ 33ಕ್ಕೆ, ಅವಳು ತೀರಿಕೊಂಡಳು. ಗೆಲಿಲಿಯೋ ಫ್ಲಾರೆನ್ಸ್ ಬಳಿಯ ಆರ್ಚೆತ್ರಿಯ ಮನೆಯಲ್ಲಿ ಸಾಯುವ ತನಕ ಗೃಹಬಂಧನದಲ್ಲೇ ಉಳಿದ, ಕಣ್ಣುಗಳೂ ಹೋದವು. ಆದರೆ ಬರೆಯುವುದನ್ನು ಬಿಡಲಿಲ್ಲ. ವಸ್ತುಗಳ ಚಲನೆಯ ಬಗೆಗಿನ ಅವನ ಕೊನೆಯ ಪುಸ್ತಕ 1638ರಲ್ಲಿ, ರೋಮಿನ ಕೈಗೆ ಸಿಗದ ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯಿತು.