ಹಾಲು ಕರೆಯುವ ಕೈಯ ಹೊರಬದಿ

"ಬಳೆ ಮಾತ್ರ ತೆಗೆಯಲ್ಲ ಕಣೆ, ಬೇರೆ ಏನು ಬೇಕಾದ್ರೂ ಮಾಡ್ಕೊ" ಅಂದಳು ಅಮ್ಮ.

ಬಯೋಮೆಡಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಮುಂಗೈ ಸ್ನಾಯುಗಳ ಇಎಂಜಿ. ಸ್ನಾಯು ಬಿಗಿಯುವಾಗ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಅದನ್ನು ಹಿಡಿದು ಅಳೆಯುವುದೇ ಇಎಂಜಿ. ಲ್ಯಾಬಿನಲ್ಲಿ ಗೆಳತಿಯರ ಕೈಯನ್ನೇ ಅಳೆದೂ ಅಳೆದೂ ಸಾಕಾಗಿತ್ತು. ದಿನಕ್ಕೆ ಎರಡು ಹೊತ್ತು ಹಸು ಕರೆಯುವ ಕೈ ಮನೆಯಲ್ಲೇ ಇದೆಯಲ್ಲ! ಸಲಕರಣೆ ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದೆ.

ಬಳೆಗಳ ಮೇಲೆ ಹಳೇ ಸೀರೆಯ ತುಂಡು ಸುತ್ತಿದೆ. ಬಳೆ ವೈರಿಗೆ ಬಡಿದರೆ ಗ್ರಾಫಿನಲ್ಲಿ ಸ್ನಾಯುವಿಗಿಂತ ದೊಡ್ಡ ಅಲೆ ಏಳುತ್ತದೆ. ಆಮೇಲೆ ಸ್ಪಿರಿಟ್ ಹಚ್ಚಿ ಚರ್ಮ ಉಜ್ಜಿದೆ. ಈ ಕೆಲಸದಲ್ಲಿ ದೊಡ್ಡ ಅಡ್ಡಿ ಚರ್ಮವೇ. 19ನೇ ಶತಮಾನದ ನಡುವಿನಲ್ಲಿ ಜರ್ಮನಿಯ ಶರೀರವಿಜ್ಞಾನಿ ಎಮಿಲ್ ಡು ಬ್ವಾ ರೇಮೊಂ ಮನುಷ್ಯರ ಕೈಯಿಂದ ಈ ವಿದ್ಯುತ್ ಅಳೆಯಲು ನೀರುಗುಳ್ಳೆ ಎಬ್ಬಿಸಿ ಮೇಲ್ಚರ್ಮವನ್ನೇ ತೆಗೆದಿದ್ದರಂತೆ. ನಮಗೆ ಹತ್ತಿ, ಸ್ಪಿರಿಟ್ ಸಾಕು. ಮುಂಗೈಯ ಒಳಬದಿಗೆ ಒಂದು ಜೋಡಿ, ಹೊರಬದಿಗೆ ಒಂದು ಜೋಡಿ, ಜೋಡಿಯ ನಡುವೆ 2 ಸೆಂ.ಮೀ. ಅಂತರ. ಇನ್ನೊಂದು ಎಲೆಕ್ಟ್ರೋಡ್ ಮೊಣಕೈ ಮೂಳೆಯ ಮೇಲೆ. ಆನ್ ಮಾಡಿದರೆ ಪರದೆ ತುಂಬಾ ಒಂದೇ ಸಮನೆ ನಡುಕ. ಅದು ಕರೆಂಟಿನ 50 ಹರ್ಟ್ಸ್. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತೆ. ಗೆರೆ ತೆಳ್ಳಗಾಯಿತು.

ಮೊದಲು ಹಿಡಿತದ ಬಲ. ಕುರ್ಚಿಯಲ್ಲಿ ಕೂತು, ತೋಳು ಪಕ್ಕಕ್ಕೆ ಒತ್ತಿ, ಮೊಣಕೈ 90 ಡಿಗ್ರಿ ಮಡಚಿ, ಬಲ ಅಳೆಯುವ ಡೈನಮೋಮೀಟರ್ ಹಿಂಡಬೇಕು. ಮೂರು ಸಲ, ನಡುವೆ ಒಂದೊಂದು ನಿಮಿಷ ಬಿಡುವು. 22, 21, 20 ಕೆ.ಜಿ. ಬಂತು. ವಯಸ್ಸಾದವರ ಸ್ನಾಯು ಸೊರಗುವುದರ ಬಗ್ಗೆ ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ಹೆಂಗಸರಿಗೆ ಹಾಕಿದ ಗೆರೆ 18 ಕೆ.ಜಿ. ಅಮ್ಮ ಅದಕ್ಕಿಂತ ಮೇಲಿದ್ದಳು. ಆದರೂ ನನಗೆ ಪೆಚ್ಚೆನಿಸಿತು. ನನ್ನದೇ 26 ಇತ್ತು. ಇಷ್ಟು ವರ್ಷ ಕರೆದ ಕೈ ನನ್ನ ಕೈಗಿಂತ ಗಟ್ಟಿ ಇರುತ್ತದೆ ಅಂದುಕೊಂಡಿದ್ದೆ.

ಇಎಂಜಿಯ ಅಂಕಿಗಳನ್ನು ಹೀಗೆ ನೇರವಾಗಿ ಹೋಲಿಸುವಂತಿಲ್ಲ. ಚರ್ಮದ ಕೆಳಗಿನ ಕೊಬ್ಬು, ಎಲೆಕ್ಟ್ರೋಡ್ ಕೂತ ಜಾಗ, ಎಲ್ಲವೂ ಅದನ್ನು ಬದಲಿಸುತ್ತವೆ. ಅದಕ್ಕೇ ಒಂದೊಂದು ಸ್ನಾಯುವಿಗೂ ಪೂರ್ತಿ ಬಲ ಹಾಕಿಸಿ, ಅದನ್ನು ನೂರು ಎಂದಿಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಹೊರಬದಿಯದಕ್ಕೆ ನಾನು ಅಮ್ಮನ ಹಸ್ತದ ಹಿಂಬದಿ ಒತ್ತಿ ಹಿಡಿದು "ಮೇಲಕ್ಕೆತ್ತು" ಅಂದೆ. ಎತ್ತಿದಳು. ಮುಖ ಕಿವುಚಿತು.

"ಅಲ್ಲೇ ನೋಯೋದು, ಮೊಣಕೈ ಪಕ್ಕ."

"ಎಷ್ಟು ದಿನದಿಂದ?"

"ಹೋದ ದೀಪಾವಳಿಯಿಂದ ಇರಬೇಕು."

ನನಗೆ ಹೇಳಿರಲೇ ಇಲ್ಲ. ಅಮೃತಾಂಜನ್ ಹಚ್ಚಿಕೊಂಡು ಸುಮ್ನೆ ಇದ್ದಳು. ಇನ್ನೊಂದು ಸಲ ಒತ್ತಲು ಮನಸ್ಸಾಗಲಿಲ್ಲ. ಆ ಒಂದೇ ಅಳತೆ ಇಟ್ಟುಕೊಂಡೆ.

ಸಂಜೆ ಕೊಟ್ಟಿಗೆಗೆ ಹೋದೆವು. ಎಲೆಕ್ಟ್ರೋಡುಗಳ ಮೇಲೆ ಟೇಪ್ ಸುತ್ತಿದ್ದೆ. ಕರು ಬಿಟ್ಟು, ಗೌರಿ ಸೊರೆ ಬಿಟ್ಟ ಮೇಲೆ ಅಮ್ಮ ಕೂತಳು. ಮೇಲಿನ ಎರಡು ಬೆರಳು ಮೊದಲು ಬಿಗಿಯುತ್ತವೆ, ಉಳಿದವು ಒಂದರ ಹಿಂದೆ ಒಂದು. ಬಕೆಟ್ಟಿನ ಸದ್ದಿಗೂ ಗ್ರಾಫಿನ ಏಳುಬೀಳಿಗೂ ಒಂದೇ ತಾಳ. ಒಳಬದಿಯ ಸ್ನಾಯು ನೂರಕ್ಕೆ 30ರ ಆಸುಪಾಸು ಇತ್ತು. ಹಿಂಡುವ ಕೆಲಸ ಅದರದ್ದೇ ಅಲ್ವಾ? ಆದರೆ ಹೊರಬದಿಯದು 40 ದಾಟಿತ್ತು. ನೋವಿನಿಂದ ಅಮ್ಮ ಪೂರ್ತಿ ಬಲ ಹಾಕದೇ ಇದ್ದುದರಿಂದ ಈ ಅಂಕಿ ಸ್ವಲ್ಪ ಜಾಸ್ತಿ ಬಂದಿರಬಹುದು. ಆದರೂ ಹಿಂಡಿದಾಗಲೆಲ್ಲ ಎರಡೂ ಒಟ್ಟಿಗೇ ಏಳುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು.

ಬೆರಳು ಮಡಚುವ ಸ್ನಾಯುಗಳು ಮಣಿಕಟ್ಟನ್ನು ದಾಟಿ ಹೋಗುತ್ತವೆ. ಅವು ಎಳೆದಾಗ ಮಣಿಕಟ್ಟೂ ಒಳಕ್ಕೆ ಬಾಗಬೇಕು. ಬಾಗದಂತೆ ಹಿಂದಿನಿಂದ ಹಿಡಿದು ನಿಲ್ಲಿಸುವುದು ಹೊರಬದಿಯ ಸ್ನಾಯು. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಾಗಿಸಿ ಮುಷ್ಟಿ ಕಟ್ಟಿ ನೋಡಿ, ಹಿಡಿತವೇ ಸಿಗುವುದಿಲ್ಲ. ಆ ಹೊರಬದಿಯ ಸ್ನಾಯು ಶುರುವಾಗುವುದು ಮೊಣಕೈಯ ಹೊರಗಿನ ಗಂಟಿನಿಂದ. ಟೆನಿಸ್ ಆಡುವವರ ಹೆಸರು ಹೊತ್ತ ನೋವು ಬರುವ ಜಾಗವೂ ಅದೇ. ಅಮ್ಮ ಬೆರಳಿಟ್ಟು ತೋರಿಸಿದ್ದೂ ಅಲ್ಲೇ.

ನಾನು ಇದನ್ನು ಹೇಳಿದಾಗ ಅಮ್ಮ ಪರದೆಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ಸುಳ್ಳು ನೋವಲ್ಲ" ಅಂದಳು. ಸುಳ್ಳು ಅಂತ ಅವಳಿಗೆ ಯಾರು ಹೇಳಿದ್ದರೋ, ಕೇಳಲಿಲ್ಲ.

ಮಾರನೇ ದಿನ ತಾಲ್ಲೂಕಿನ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದೆ. ಸಂಜೆ ಎಲೆಕ್ಟ್ರೋಡುಗಳನ್ನು ನನ್ನ ಕೈಗೆ ಅಂಟಿಸಿಕೊಂಡು ನಾನೇ ಗೌರಿಯ ಪಕ್ಕ ಕೂತೆ. ಸ್ನಾಯು ದಣಿದಾಗ ಅಲೆಗಳು ಎತ್ತರವಾಗುತ್ತವೆ, ಅವುಗಳ ವೇಗ ಇಳಿಯುತ್ತದೆ. ಪುಸ್ತಕದಲ್ಲಿ ಓದಿದ್ದು ಐದು ನಿಮಿಷದಲ್ಲೇ ನನ್ನ ಗ್ರಾಫಿನಲ್ಲಿ ಕಾಣತೊಡಗಿತು. ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ ಅಮ್ಮ ಹೇಳಿದಳು:

"ಗೆರೆ ದಪ್ಪ ಆಗ್ತಾ ಇದೆ ಕಣೆ. ಏಳು, ಉಳಿದಿದ್ದು ಕರು ಕುಡೀಲಿ."