ಹುಟ್ಟಿದ ಊರು ಸಾಕಾಗಲ್ವಾ?

2025ರ ಜನವರಿ 20ರಂದು ಟ್ರಂಪ್ ಹುಟ್ಟಿನಿಂದ ಸಿಗುವ ಪೌರತ್ವಕ್ಕೆ ಮಿತಿ ಹಾಕುವ ಆದೇಶಕ್ಕೆ ಸಹಿ ಹಾಕಿದಾಗ ಎಚ್-1ಬಿ ಅನ್ನೋ ಕೆಲಸದ ವೀಸಾದ ಮೇಲೆ ಅಮೆರಿಕದಲ್ಲಿದ್ದ ನನ್ನ ತಂಗಿಗೆ ಆರು ತಿಂಗಳು. ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು, ತಂದೆಗೆ ಪೌರತ್ವವಾಗಲಿ ಗ್ರೀನ್ ಕಾರ್ಡ್ ಆಗಲಿ ಇಲ್ಲದಿದ್ದರೆ, ಅಲ್ಲೇ ಹುಟ್ಟಿದ ಮಗುವಿಗೂ ಪೌರತ್ವ ಇಲ್ಲ ಅಂತ. ಧಾರವಾಡದ ಮನೆಯಲ್ಲಿ ಅವ್ವ ರಾತ್ರಿಯೆಲ್ಲ ನಿದ್ದೆ ಮಾಡಲಿಲ್ಲ. ಕೆಲವೇ ದಿನದಲ್ಲಿ ಕೋರ್ಟು ತಡೆ ಕೊಟ್ಟಿತು, ನಿಜ. ಆದರೆ ಅಮೆರಿಕದಲ್ಲಿ ಹುಟ್ಟಿದವರು ಅಲ್ಲಿನ ಪ್ರಜೆಗಳು ಅನ್ನುವ ಅವರ ಸಂವಿಧಾನದ 1868ರ 14ನೇ ತಿದ್ದುಪಡಿ, ವಿದೇಶಿ ತಂದೆ ತಾಯಿಗೆ ಅಲ್ಲಿ ಹುಟ್ಟಿದವನಿಗೂ ಪೌರತ್ವ ಇದೆ ಎಂದ 1898ರ ವಾಂಗ್ ಕಿಮ್ ಆರ್ಕ್ ತೀರ್ಪು ಇಷ್ಟೆಲ್ಲ ಇದ್ದೂ, ಇನ್ನೂ ಹುಟ್ಟದ ಕೂಸಿಗೆ ಈ ಸಂಕಟ ಯಾಕೆ?

ನಮ್ಮಲ್ಲೂ ಪೌರತ್ವದ ನಿಯಮ ಬಿಗಿಯಾಗುತ್ತಲೇ ಬಂದಿದೆ. 1987ರ ಜುಲೈಗಿಂತ ಮೊದಲು ಇಲ್ಲಿ ಹುಟ್ಟಿದರೆ ಸಾಕಿತ್ತು. ಆಮೇಲೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತೀಯರಿರಬೇಕು ಅಂತಾಯಿತು, 2004ರ ಡಿಸೆಂಬರ್‌ನಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಅನ್ನೋದೂ ಸೇರಿತು. ಅಂದರೆ ಮಗುವಿಗಾಗಿ ಹೆತ್ತವರ ಕಾಗದ ಹುಡುಕಬೇಕು. ನಮ್ಮ ಅವ್ವ ಗದಗ ಕಡೆಯ ಹಳ್ಳಿಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದವಳು. ಜನನ ಪ್ರಮಾಣಪತ್ರ ಇಲ್ಲ. ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡ ಜೂನ್ 1, ಅದೊಂದೇ ಅವಳ ಹುಟ್ಟಿದ ದಿನ. ಇಂಥವರು ನಮ್ಮ ಓಣಿಯಲ್ಲೇ ಎಷ್ಟು ಮಂದಿ! ಅವರನ್ನು ಕಾಗದ ಕೇಳಿ ಹೆದರಿಸುವುದು ನನಗೆ ಒಪ್ಪಿಗೆಯಿಲ್ಲ.