ಆಯುಧಪೂಜೆಯ ಮರುದಿನ, ಒಂದು ಅನಿಲ ಘಟಕದಲ್ಲಿ

ಬೆಂಗಳೂರಿನ ಕಸಕ್ಕೂ ಒಂದು ಪಂಚಾಂಗವಿದೆ. ಡಿಸೆಂಬರ್ ಬಂತೆಂದರೆ ಅವರೆಕಾಯಿ ಸಿಪ್ಪೆ, ಬೇಸಿಗೆಯಲ್ಲಿ ಮಾವಿನ ಓಟೆ ಮತ್ತು ಎಳನೀರು ಬುರುಡೆ, ಶ್ರಾವಣದಿಂದಾಚೆಗೆ ಬಾಡಿದ ಹೂವು. ಇವೆಲ್ಲಕ್ಕಿಂತ ಭಾರವಾದದ್ದು ಆಯುಧಪೂಜೆಯ ಮರುದಿನ. ಗ್ಯಾರೇಜು, ಅಂಗಡಿ, ಕಾರ್ಖಾನೆ, ಮನೆ ಮುಂದಿನ ಸ್ಕೂಟರು ಎಲ್ಲಕ್ಕೂ ಪೂಜೆ ಮುಗಿದ ಮೇಲೆ ಒಡೆದ ಬೂದುಗುಂಬಳ, ಚಕ್ರದಡಿ ಅಪ್ಪಚ್ಚಿಯಾದ ನಿಂಬೆಹಣ್ಣು, ಚೆಂಡುಹೂವಿನ ಹಾರ, ಬಾಳೆಕಂಬ ರಸ್ತೆಯುದ್ದಕ್ಕೂ ಉಳಿಯುತ್ತವೆ. ಅಂಥ ಒಂದು ವಿಜಯದಶಮಿಯನ್ನು ನಾನು ನಗರದ ದಕ್ಷಿಣ ಭಾಗದಲ್ಲಿ ಹಸಿ ಕಸದಿಂದ ಜೈವಿಕ ಅನಿಲ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಕಳೆದೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಥರ್ಮೋಡೈನಮಿಕ್ಸ್ ಪಾಠ ಮಾಡುವ ನನಗೆ ಕಸದಿಂದ ವಿದ್ಯುತ್ ಎಂಬ ಮಾತು ಹೊಸದಲ್ಲ; ಆದರೆ ಆ ಶಕ್ತಿ ಮೊದಲು ಯಾರ ಕೈಯಲ್ಲಿ ಹುಟ್ಟುತ್ತದೆ ಎಂಬುದನ್ನು ಕಣ್ಣಾರೆ ಕಂಡದ್ದು ಅಂದೇ.

ದಿನಕ್ಕೆ 5 ಟನ್ ಹಸಿ ಕಸವನ್ನು ಅರಗಿಸಿಕೊಳ್ಳುವಂತೆ ಕಟ್ಟಿದ ಘಟಕವದು. ಬೆಳಕು ಹರಿದು ಸ್ವಲ್ಪ ಹೊತ್ತಿಗೆಲ್ಲ ಆಟೋ ಟಿಪ್ಪರ್‌ಗಳು ಒಂದರ ಹಿಂದೊಂದು ಬಂದು ನಿಂತವು. ಹಬ್ಬದ ದಿನವಾದರೂ ರಜೆಯಿಲ್ಲದೆ ಬಂದಿದ್ದ ಹೆಣ್ಣುಮಕ್ಕಳು ಕಸವನ್ನು ಸಿಮೆಂಟು ಕಟ್ಟೆಯ ಮೇಲೆ ಹರವಿ, ಕೈಯಿಂದಲೇ ಬೇರ್ಪಡಿಸತೊಡಗಿದರು. ಹಸಿ ಕಸವೆಂದು ಬಂದ ರಾಶಿಯಲ್ಲಿ ಹಾಲಿನ ಕವರು, ಕುಂಕುಮದ ಪ್ಲಾಸ್ಟಿಕ್ ಪೊಟ್ಟಣ, ಥರ್ಮಾಕೋಲ್ ತಟ್ಟೆ, ತೆಂಗಿನ ಚಿಪ್ಪು, ಹಾರ ಕಟ್ಟಿದ ನೈಲಾನ್ ದಾರ, ಎಲ್ಲವೂ ಇದ್ದವು. ಕುಂಬಳದ ಹೋಳುಗಳ ನಡುವಿನಿಂದ ಚಿಲ್ಲರೆ ನಾಣ್ಯಗಳೂ ಸಿಕ್ಕವು. ಅವರಲ್ಲಿ ಹಿರಿಯರಾದ ಒಬ್ಬ ತಾಯಿ ನಿಂಬೆಹಣ್ಣುಗಳನ್ನು ಬೇರೆಯೇ ಬುಟ್ಟಿಗೆ ಹಾಕುತ್ತಿದ್ದುದನ್ನು ಕಂಡು, ‘ಯಾಕಮ್ಮಾ, ನಿಂಬೆಹಣ್ಣೂ ಹಸಿ ಕಸವೇ ಅಲ್ಲವೇ?’ ಎಂದು ಕೇಳಿದೆ. ‘ಒಂದೋ ಎರಡೋ ಆದರೆ ಪರವಾಗಿಲ್ಲ ಸಾರ್, ಇವತ್ತು ಬಂದಷ್ಟೂ ಒಳಕ್ಕೆ ಹೋದರೆ ಟ್ಯಾಂಕು ಕೆಟ್ಟುಹೋಗುತ್ತೆ’ ಎಂದರು.

ಅವರು ಹೇಳಿದ್ದು ಜೀವರಸಾಯನಶಾಸ್ತ್ರದ ನೇರ ಸತ್ಯ. ಕಸವನ್ನು ಅರೆದು, ನೀರು ಬೆರೆಸಿ, ಗಾಳಿಯಾಡದ ಟ್ಯಾಂಕಿಗೆ ಬಿಟ್ಟಾಗ ಅಲ್ಲಿ ಮೊದಲು ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ಆಮ್ಲಗಳಾಗಿ ಒಡೆಯುತ್ತವೆ. ಬಳಿಕ ಇನ್ನೊಂದು ಬಗೆಯವು ಆ ಆಮ್ಲಗಳಿಂದ ಮೀಥೇನ್ ತಯಾರಿಸುತ್ತವೆ. ಮೊದಲಿನವು ಬೇಗ ಬೆಳೆಯುತ್ತವೆ, ಎರಡನೆಯವು ನಿಧಾನ. ಒಮ್ಮೆಲೇ ವಿಪರೀತ ಕಸ ಸುರಿದರೆ ಆಮ್ಲ ಹುಟ್ಟುವ ವೇಗಕ್ಕೆ ಮೀಥೇನ್ ತಯಾರಿಸುವ ಜೀವಿಗಳು ಸಾಲದೆ, ಟ್ಯಾಂಕು ಹುಳಿಯಾಗಿ, ಅನಿಲವೇ ನಿಂತುಹೋಗುತ್ತದೆ. ನಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆಯಂತೂ ಈ ಜೀವಿಗಳನ್ನು ನೇರವಾಗಿ ಕುಗ್ಗಿಸುತ್ತದೆ. ಹಿಂದೊಂದು ಹಬ್ಬದಲ್ಲಿ ಬೇರ್ಪಡಿಸಲು ಪುರುಸೊತ್ತಿಲ್ಲದೆ ಬಂದದ್ದನ್ನೆಲ್ಲ ಒಳಗೆ ಹಾಕಿದ್ದರಿಂದ ಟ್ಯಾಂಕು ಕೆಟ್ಟು, ಸಗಣಿ ಹಾಕಿ ಹಾಕಿ ಅದನ್ನು ಮತ್ತೆ ಎಬ್ಬಿಸಲು ವಾರಗಟ್ಟಲೆ ಹಿಡಿಯಿತೆಂದು ಘಟಕದ ಆಪರೇಟರ್ ಹೇಳಿದರು. ಬಾಳೆಕಂಬದ ಕಾಟ ಇನ್ನೊಂದು ತರಹದ್ದು: ಅದರ ನಾರು ಅರೆಯುವ ಯಂತ್ರದ ಬ್ಲೇಡಿಗೆ ಸುತ್ತಿಕೊಂಡು ಮೋಟಾರನ್ನೇ ನಿಲ್ಲಿಸುತ್ತದೆ. ನಾನಿದ್ದ ಹೊತ್ತಿನಲ್ಲೇ ಹಾಗಾಗಿ, ಆಪರೇಟರ್ ಕುಡುಗೋಲು ಹಿಡಿದು ನಾರನ್ನು ಕತ್ತರಿಸಿ ಬಿಡಿಸಬೇಕಾಯಿತು.

ಚೊಕ್ಕವಾಗಿ ಬೇರ್ಪಡಿಸಿದ ಒಂದು ಟನ್ ಅಡುಗೆಮನೆ ಕಸದಿಂದ ಸುಮಾರು 80ರಿಂದ 100 ಘನ ಮೀಟರ್ ಅನಿಲ ಸಿಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಎಂಜಿನ್ನನ್ನು ತಿಂದುಹಾಕುವ ಹೈಡ್ರೋಜನ್ ಸಲ್ಫೈಡ್ ಅಲ್ಪ ಪ್ರಮಾಣದಲ್ಲಿದ್ದರೂ ಅದನ್ನು ಮೊದಲೇ ಸೋಸಿ ತೆಗೆಯಬೇಕು. ಮಧ್ಯಾಹ್ನ ಜನರೇಟರ್ ಚಾಲೂ ಆಗಿ ಮೀಟರಿನ ಅಂಕಿ ಏರತೊಡಗಿದಾಗ ನನಗಾದ ಸಂತೋಷ ಮಾತಿಗೆ ನಿಲುಕುವಂಥದ್ದಲ್ಲ.

ಇಷ್ಟೆಲ್ಲ ಏಕೆ, ಕಸವನ್ನು ನೇರವಾಗಿ ಸುಟ್ಟು ವಿದ್ಯುತ್ ತೆಗೆಯಬಾರದೇ ಎಂದು ನನ್ನ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮವು ಪಾಲಿಕೆಯ ಜೊತೆಗೂಡಿ ಅಂಥ ಸ್ಥಾವರವನ್ನು ಕಟ್ಟಿದೆ. ದಿನಕ್ಕೆ ಸುಮಾರು 600 ಟನ್ ಕಸವನ್ನು ಉರಿಸಿ 11.5 ಮೆಗಾವಾಟ್ ವಿದ್ಯುತ್ ಪಡೆಯುವ ಯೋಜನೆಯದು. ಅದು ಬೇಕಾದದ್ದೇ. ಮರುಬಳಕೆಗೆ ಬಾರದ ಒಣ ಕಸಕ್ಕೆ ಬೇರೆ ಸದ್ಗತಿಯಿಲ್ಲ. ಕಿಲೋಗ್ರಾಮಿಗೆ 1500 ಕಿಲೋಕ್ಯಾಲರಿ ಅಥವಾ ಅದಕ್ಕೂ ಹೆಚ್ಚು ಶಾಖ ಕೊಡುವ ಇಂಥ ಕಸವನ್ನು ಭೂಮಿಗೆ ತುಂಬದೆ ಶಕ್ತಿಗಾಗಿಯೇ ಬಳಸಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೂ ಹೇಳಿದ್ದವು. ಆದರೆ ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿಯದು, ಅದರಲ್ಲಿ ಬಹುಪಾಲು ನೀರು. ಕುದಿಯುವ ಹಂತಕ್ಕೆ ಬಂದ ಮೇಲೂ ಒಂದು ಕಿಲೋ ನೀರು ಆವಿಯಾಗಲು 540 ಕಿಲೋಕ್ಯಾಲರಿ ಶಾಖ ಬೇಕು. ಹಸಿ, ಒಣ ಬೆರೆತ ಕಸವನ್ನು ಕುಲುಮೆಗೆ ಹಾಕಿದರೆ, ಒಣಗಿದ ಕಸ ಕೊಟ್ಟ ಶಾಖದ ದೊಡ್ಡ ಪಾಲು ಕುಂಬಳಕಾಯಿಯ ನೀರನ್ನು ಆರಿಸಲಿಕ್ಕೇ ಹೋಗುತ್ತದೆ. ಹಸಿ ಕಸ ಟ್ಯಾಂಕಿಗೆ, ಒಣ ಕಸದ ಕೊನೆಯ ಉಳಿಕೆ ಮಾತ್ರ ಕುಲುಮೆಗೆ ಎಂಬ ವ್ಯವಸ್ಥೆಯನ್ನು ನಾನು ಇದರಿಂದಾಗಿಯೇ ಒತ್ತಿ ಹೇಳುತ್ತೇನೆ.

ಬೇರ್ಪಡಿಸದಿದ್ದರೆ ಏನಾಗುತ್ತದೆಂಬುದಕ್ಕೆ ಮಂಡೂರು ಸಾಕ್ಷಿಯಾಗಿದೆ. ಹಳೇ ಮದ್ರಾಸ್ ರಸ್ತೆಯ ಆಚೆಗಿನ ಆ ಊರಿನವರು ವರ್ಷಗಟ್ಟಲೆ ನಮ್ಮ ಕಸದ ಬೆಟ್ಟ, ನಮ್ಮ ನೊಣ, ನಮ್ಮ ಕಸದಿಂದ ಬಸಿದ ಕಪ್ಪು ನೀರನ್ನು ಸಹಿಸಿ, ಕೊನೆಗೆ ಬೀದಿಗಿಳಿದು ಹೋರಾಡಿದ್ದರಿಂದ 2014ರ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಅದಕ್ಕೂ ಮುಂಚೆ 2012ರಲ್ಲಿ ಮಾವಳ್ಳಿಪುರದ ಜನ ಇದೇ ಹೋರಾಟ ಮಾಡಿದ್ದರು. ಟ್ಯಾಂಕಿನಲ್ಲಿ ಹುಟ್ಟುವ ಅದೇ ಮೀಥೇನ್ ಆ ಬೆಟ್ಟಗಳ ಒಡಲಲ್ಲೂ ಹುಟ್ಟುತ್ತದೆ. ಅಲ್ಲಿ ಹಿಡಿಯುವವರಿಲ್ಲದೆ ಆಕಾಶಕ್ಕೆ ಸೇರುತ್ತದೆ, ಇಲ್ಲವೇ ಬೆಂಕಿ ಹೊತ್ತಿಕೊಳ್ಳುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಭೂಮಿಯನ್ನು ಬಿಸಿ ಮಾಡುವುದು ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು.

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಆ ಹಿರಿಯ ತಾಯಿ ತಮ್ಮ ಅಂಗೈ ತೋರಿಸಿದರು. ಗ್ಲೌಸು ಕೊಡುತ್ತಾರೆ, ಆದರೆ ಒದ್ದೆ ಕಸದಲ್ಲಿ ಅದು ಬೇಗ ಹರಿಯುತ್ತದೆ. ಬ್ಲೇಡು, ಒಡೆದ ಗಾಜು, ಸಿರಿಂಜಿನ ಸೂಜಿ ಎಲ್ಲವೂ ಆ ಕೈಗೆ ತಗಲಿವೆ. ‘ವಾಸನೆ ರೂಢಿಯಾಗುತ್ತೆ ಸಾರ್, ಗಾಜು ಆಗಲ್ಲ’ ಎಂದರು. ಘಟಕದ ಖರ್ಚುವೆಚ್ಚದಲ್ಲಿ ಯಂತ್ರ, ರಿಪೇರಿ, ಡೀಸೆಲ್ ಎಲ್ಲಕ್ಕೂ ಒಂದೊಂದು ಸಾಲಿದೆ. ಅಲ್ಲಿನ ಮುಖ್ಯ ಕೆಲಸವಾದ ಬೇರ್ಪಡಿಸುವಿಕೆ ಮಾತ್ರ ‘ಇತರೆ ಕೂಲಿ’ಯ ಕೆಳಗೆ ಸೇರಿಕೊಂಡಿತ್ತು. ಇದು ನನಗೆ ಸರಿಯೆನಿಸಲಿಲ್ಲ. ಕುಲುಮೆಯ ಎಂಜಿನಿಯರಿಗೆ ಸಲ್ಲುವ ಗೌರವ ಇಂಧನವನ್ನು ಇಂಧನವಾಗಿಸುವ ಈ ಕೈಗಳಿಗೂ ಸಲ್ಲಬೇಕು, ಸಂಬಳದಲ್ಲೂ ಸಲ್ಲಬೇಕು.

ನಮ್ಮ ಬಡಾವಣೆಯ ನಿವಾಸಿಗಳ ಸಂಘಕ್ಕೆ ನಾನು ಬರೆದುಕೊಟ್ಟ ಬೇಡಿಕೆಗಳು ಇವು: ಆಯುಧಪೂಜೆಯ ಮರುದಿನ ಬಾಳೆಕಂಬ, ಕುಂಬಳಕಾಯಿಗೆ ಪ್ರತ್ಯೇಕ ಟಿಪ್ಪರ್ ಬಂದು ನೇರವಾಗಿ ಕಾಂಪೋಸ್ಟ್ ಘಟಕಕ್ಕೆ ಹೋಗಬೇಕು, ಹಾರದ ದಾರ ಬಿಚ್ಚಿ, ಕುಂಕುಮದ ಪೊಟ್ಟಣ ತೆಗೆದು ಕೊಡಬೇಕು, ಗಾಜು, ಬ್ಲೇಡನ್ನು ಕಾಗದದಲ್ಲಿ ಸುತ್ತಿ, ಮೇಲೆ ಗುರುತು ಹಾಕಿ ಬೇರೆಯಾಗಿ ಒಪ್ಪಿಸಬೇಕು. ಸಂಘದ ಸಭೆಯಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಪ್ರತ್ಯೇಕ ಟಿಪ್ಪರ್ ಬಗ್ಗೆ ವಾರ್ಡಿನ ಆರೋಗ್ಯ ನಿರೀಕ್ಷಕರೊಂದಿಗೆ ಮಾತುಕತೆ ನಡೆದಿದೆ.